ಆದಿ ಮಧ್ಯಯುಗದ ಆಭರಣಗಳೂ ಗಾಜೂ: ರಾಸಾಯನಿಕ ವಿಶ್ಲೇಷಣೆಯ ಸಾಕ್ಷ್ಯ

ಪ್ರಾಚೀನ ನೆಲೆಗಳ ಅಗೆತದಲ್ಲಿ ದೊರೆಯುವ ಆಭರಣಗಳನ್ನು ಅವುಗಳ ಆಕಾರ, ಅಲಂಕಾರ ಮತ್ತು ಕೆಲಸಗಾರಿಕೆಗಳನ್ನು ನೋಡಿ ವರ್ಗೀಕರಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಒಂದು ಒಡವೆ ಯಾವ ಕಾಲದ್ದು, ಯಾವ ಜನರ ಅಭಿರುಚಿಗೆ ಒಪ್ಪಿದುದು ಎಂಬುದನ್ನು ಇದರಿಂದ ಬಹುಮಟ್ಟಿಗೆ ನಿರ್ಣಯಿಸಬಹುದು. ಆದರೆ ಅದರಲ್ಲಿ ಕೂರಿಸಿದ ಹರಳು ಯಾವ ನೆಲದಲ್ಲಿ ಹುಟ್ಟಿತು, ಗಾಜು ಯಾವ ಮರಳಿನಿಂದ ಕರಗಿ ಬಂದಿತು ಎಂಬ ಪ್ರಶ್ನೆಗಳಿಗೆ ಬರಿಯ ಕಣ್ಣು ಉತ್ತರ ಕೊಡಲಾರದು. ಆ ಉತ್ತರವನ್ನು ವಸ್ತುವಿನ ರಾಸಾಯನಿಕ ಸಂಯೋಜನೆಯಿಂದಲೇ ಪಡೆಯಬೇಕು. ಕ್ರಿ. ಶ. ಐದರಿಂದ ಒಂಬತ್ತನೆಯ ಶತಮಾನದವರೆಗಿನ ಯೂರೋಪಿನ ಆಭರಣಗಳನ್ನೂ ಗಾಜನ್ನೂ ನಿದರ್ಶನವಾಗಿ ತೆಗೆದುಕೊಂಡು, ಈ ವಿಶ್ಲೇಷಣೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

ಈ ಕಾಲವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಕ್ರಿ. ಶ. ೪೭೬ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯ ಅಳಿದಮೇಲೆ ಯೂರೋಪು ತನ್ನೊಳಗೆ ತಾನೇ ಮುಚ್ಚಿಕೊಂಡಿತು, ಪೂರ್ವದೇಶಗಳ ವ್ಯಾಪಾರ ಕಡಿದುಹೋಯಿತು ಎಂಬ ಅಭಿಪ್ರಾಯ ಹಿಂದಿನ ಇತಿಹಾಸಗ್ರಂಥಗಳಲ್ಲಿ ಪ್ರಬಲವಾಗಿತ್ತು. ಇದು ನಿಜವೇ ಎಂಬುದಕ್ಕೆ ಲಿಖಿತ ಸಾಕ್ಷ್ಯ ವಿರಳ. ಆದುದರಿಂದ ಗೋರಿಗಳಲ್ಲಿ ಉಳಿದ ಹರಳು, ಮಣಿಗಳ ಮಾತಿಗೆ ಹೆಚ್ಚಿನ ಬೆಲೆ ಬಂದಿದೆ.

೧. ಗಾರ್ನೆಟ್ಟಿನ ತವರು

ಬೆಲ್ಜಿಯಮ್ ದೇಶದ ತೂರ್ನೆ ಎಂಬಲ್ಲಿ ೧೬೫೩ರಲ್ಲಿ ಫ್ರಾಂಕರ ದೊರೆ ಮೊದಲನೆಯ ಚಿಲ್ಡೆರಿಕನ ಗೋರಿ ಬಯಲಾಯಿತು. ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ ೧೯೩೯ರಲ್ಲಿ ಏಳನೆಯ ಶತಮಾನದ ಆದಿಭಾಗದ ನೌಕಾಸಮಾಧಿಯೊಂದು ಹೊರಬಂದಿತು. ಎರಡರಲ್ಲಿಯೂ ಒಂದೇ ಬಗೆಯ ಕೆಲಸ ಕಾಣುತ್ತದೆ: ಚಿನ್ನದ ತೆಳುಪಟ್ಟಿಗಳಿಂದ ಕಿರುಮನೆಗಳನ್ನು ಕಟ್ಟಿ, ಅವುಗಳಲ್ಲಿ ಕೆಂಪು ಹರಳಿನ ತೆಳುಬಿಲ್ಲೆಗಳನ್ನು ಕೂರಿಸಿ, ಹೊಳಪು ಹೆಚ್ಚಲೆಂದು ಕೆಳಗೆ ಗೆರೆಯೊತ್ತಿದ ಚಿನ್ನದ ತಗಡನ್ನು ಇಡುವುದು. ನಮ್ಮ ಅಕ್ಕಸಾಲಿಗರ ಕುಂದಣದ ಕೆಲಸವನ್ನು ಇದು ನೆನಪಿಗೆ ತರುತ್ತದೆ. ಆ ಕೆಂಪು ಹರಳು ಮಾಣಿಕ್ಯವಲ್ಲ, ಗಾರ್ನೆಟ್. ನಮ್ಮ ನವರತ್ನಗಳಲ್ಲೊಂದಾದ ಗೋಮೇದಕವೂ ಈ ಜಾತಿಗೇ ಸೇರಿದುದು.

ಗಾರ್ನೆಟ್ ಒಂದೇ ಖನಿಜವಲ್ಲ, ಒಂದು ಖನಿಜಕುಲ. ಅದರಲ್ಲಿ ಕಬ್ಬಿಣ ಅಧಿಕವಾಗಿದ್ದರೆ ಆಲ್ಮಂಡೈನ್ ಎಂದೂ ಮೆಗ್ನೀಸಿಯಮ್ ಅಧಿಕವಾಗಿದ್ದರೆ ಪೈರೋಪ್ ಎಂದೂ ಕರೆಯುತ್ತಾರೆ. ಕ್ರೋಮಿಯಮ್, ಇಟ್ರಿಯಮ್ ಮೊದಲಾದ ಅಲ್ಪಾಂಶಗಳು ಗಣಿಯಿಂದ ಗಣಿಗೆ ಬೇರೆಯಾಗುತ್ತವೆ. ಹರಳಿನೊಳಗೆ ಸಿಲುಕಿದ ಅನ್ಯ ಖನಿಜಗಳ ಸೂಜಿಗಳೂ ಗುರುತಿಗೆ ನೆರವಾಗುತ್ತವೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಪ್ರಯೋಗಶಾಲೆಯಲ್ಲಿ ವೇಗಗೊಳಿಸಿದ ಪ್ರೋಟಾನುಗಳನ್ನು ಹರಳಿನ ಮೇಲೆ ಹಾಯಿಸಿ, ಅದರಿಂದ ಹೊರಡುವ ಕ್ಷ-ಕಿರಣಗಳನ್ನು ಅಳೆಯುತ್ತಾರೆ. ಪ್ರತಿಯೊಂದು ಮೂಲಧಾತುವೂ ತನಗೇ ವಿಶಿಷ್ಟವಾದ ಕಿರಣವನ್ನು ಹೊಮ್ಮಿಸುವುದರಿಂದ, ಒಡವೆಗೆ ಹಾನಿಯಾಗದಂತೆ ಧಾತುಗಳ ಪ್ರಮಾಣ ತಿಳಿದುಬರುತ್ತದೆ.

ಫಲಿತಾಂಶ ಗಮನಾರ್ಹವಾಗಿದೆ. ಐದು ಮತ್ತು ಆರನೆಯ ಶತಮಾನಗಳ ಫ್ರಾಂಕ್ ಆಭರಣಗಳಲ್ಲಿನ ಹರಳುಗಳು ಬಹುಪಾಲು ಭಾರತದ ಆಲ್ಮಂಡೈನುಗಳು. ಇವುಗಳ ಜೊತೆಗೆ ಸಿಂಹಳದವೆಂದು ಹೇಳಬಹುದಾದ ಮಧ್ಯಮಜಾತಿಯ ಹರಳುಗಳೂ ಇವೆ. ಆರನೆಯ ಶತಮಾನದ ಕೊನೆಯಿಂದೀಚೆಗೆ ಬೊಹಿಮಿಯದ ಪೈರೋಪುಗಳು ಮುಂದೆ ಬರುತ್ತವೆ. ಇವು ಗಾತ್ರದಲ್ಲಿ ಕಿರಿಯವು. ಅಂದರೆ ರೋಮ್ ಅಳಿದ ನೂರು ವರ್ಷಗಳ ತನಕವೂ ಭಾರತದ ಹರಳು ಯೂರೋಪಿನ ಅಕ್ಕಸಾಲಿಗನ ಕೈ ಸೇರುತ್ತಿತ್ತು. ಆರನೆಯ ಶತಮಾನದ ಗ್ರೀಕ್ ಲೇಖಕ ಕಾಸ್ಮಾಸನು ಕಾಬೇರ್ ಎಂಬ ರೇವಿನಿಂದ ಅಲಬಂದೆನಮ್ ಎಂಬ ವಸ್ತು ರಫ್ತಾಗುತ್ತಿದ್ದುದನ್ನು ಹೇಳುತ್ತಾನೆ. ವಿದ್ವಾಂಸರು ಮೊದಲನೆಯದನ್ನು ಕಾವೇರಿಯ ಮುಖದ ರೇವೆಂದೂ ಎರಡನೆಯದನ್ನು ಗಾರ್ನೆಟ್ಟೆಂದೂ ಗುರುತಿಸಿದ್ದಾರೆ. ಮುಂದೆ ಈ ಸರಬರಾಯಿ ಏಕೆ ಕುಗ್ಗಿತು ಎಂಬ ವಿಷಯದಲ್ಲಿ ಒಮ್ಮತವಿಲ್ಲ. ಕೆಂಪು ಸಮುದ್ರದ ಸುತ್ತಣ ಯುದ್ಧಗಳೇ ಕಾರಣವೆಂದು ಕೆಲವರೂ, ಬೇಡಿಕೆಯೇ ಮಾರ್ಪಟ್ಟಿತೆಂದು ಮತ್ತೆ ಕೆಲವರೂ ವಾದಿಸುತ್ತಾರೆ.

೨. ಗಾಜಿನ ಪಾಕ

ಗಾಜಿಗೆ ಮೂರು ದ್ರವ್ಯಗಳು ಬೇಕು: ಮರಳು, ಅದನ್ನು ಕಡಿಮೆ ಉಷ್ಣತೆಯಲ್ಲಿ ಕರಗಿಸುವ ಕ್ಷಾರ, ಗಾಜು ನೀರಿಗೆ ಕರಗದಂತೆ ಕಾಯುವ ಸುಣ್ಣ. ರೋಮನರ ಕಾಲದಲ್ಲಿ ಕ್ಷಾರವು ಈಜಿಪ್ಟಿನ ಒಣಸರೋವರಗಳ ನೇಟ್ರಾನ್ ಎಂಬ ಖನಿಜಸೋಡದಿಂದ ದೊರೆಯುತ್ತಿತ್ತು. ಖನಿಜಸೋಡದ ಗಾಜಿನಲ್ಲಿ ಮೆಗ್ನೀಸಿಯ ಮತ್ತು ಪೊಟ್ಯಾಷ್ ಎರಡೂ ಸಾಮಾನ್ಯವಾಗಿ ಶೇಕಡ ೧.೫ಕ್ಕಿಂತ ಕಡಿಮೆ, ಗಿಡಗಳ ಬೂದಿಯಿಂದ ಮಾಡಿದ ಗಾಜಿನಲ್ಲಿ ಅದಕ್ಕಿಂತ ಹೆಚ್ಚು. ೧೯೬೧ರಲ್ಲಿ ಸೇಯರ್ ಮತ್ತು ಸ್ಮಿತ್ ಎಂಬ ವಿದ್ವಾಂಸರು ಪ್ರಾಚೀನ ಗಾಜುಗಳನ್ನು ಇಂತಹ ಪ್ರಮಾಣಗಳಿಂದಲೇ ವರ್ಗೀಕರಿಸಿ ತೋರಿಸಿದರು.

ಗಾಜನ್ನು ಕರಗಿಸುವವರು ಬೇರೆ, ಅದರಿಂದ ವಸ್ತುಗಳನ್ನು ಮಾಡುವವರು ಬೇರೆ. ಇಸ್ರೇಲಿನ ಬೇತ್ ಎಲಿಯೆಜರ್‌ನಲ್ಲಿ ಸಾಲಾಗಿ ೧೭ ಕುಲುಮೆಗಳು ದೊರೆತಿವೆ. ಒಂದೊಂದರಲ್ಲಿಯೂ ಹಲವು ಟನ್ನುಗಳಷ್ಟು ಗಾಜು ಒಮ್ಮೆಗೇ ಕರಗುತ್ತಿತ್ತು. ಅದನ್ನು ಒಡೆದು, ತುಂಡುಗಳನ್ನು ಹಡಗುಗಳಲ್ಲಿ ದೂರದೂರಿಗೆ ಸಾಗಿಸುತ್ತಿದ್ದರು. ಅದೇ ದೇಶದ ಬೇತ್ ಶೆಆರಿಮ್‌ನಲ್ಲಿ ೧೯೫೬ರಲ್ಲಿ ಕಂಡ ಸುಮಾರು ೯ ಟನ್ ತೂಕದ ಚಪ್ಪಡಿ ಬೂದಿಯ ಕ್ಷಾರದಿಂದ ಮಾಡಿದುದು. ಸುಣ್ಣ ಮಿತಿಮೀರಿ, ಪಾಕ ಕೆಟ್ಟು, ಕುಲುಮೆಯಲ್ಲಿಯೇ ಉಳಿದುಹೋಯಿತು. ಒಂಬತ್ತನೆಯ ಶತಮಾನದಲ್ಲಿ ನೇಟ್ರಾನ್ ವಿರಳವಾಗಿ ಬೂದಿಯ ಬಳಕೆ ಹಬ್ಬಿದ ಸಂಧಿಕಾಲಕ್ಕೆ ಅದು ಸಾಕ್ಷಿಯಾಗಿದೆ.

ಉತ್ತರ ಯೂರೋಪಿನಲ್ಲಿ ಹೊಸ ಗಾಜಿನ ಕೊರತೆಯಾದಾಗ ಹಳೆಯದನ್ನೇ ಕರಗಿಸಿದರು. ಡೆನ್ಮಾರ್ಕಿನ ರಿಬೆ ಪಟ್ಟಣದಲ್ಲಿ ಎಂಟನೆಯ ಶತಮಾನದ ಮಣಿಗಾರರು ಹಳೆಯ ಮೊಸಾಯಿಕ್ ಚಿತ್ರಗಳ ಗಾಜಿನ ಚೂರುಗಳಿಂದ ಮಣಿಗಳನ್ನು ಮಾಡಿದರು. ಹೀಗೆ ಮರಳಿ ಕರಗಿಸಿದ ಗಾಜಿನಲ್ಲಿ ಆಂಟಿಮನಿ, ಸೀಸ, ತಾಮ್ರ, ತವರಗಳ ಅಲ್ಪಾಂಶಗಳು ಬೆರೆತಿರುತ್ತವೆ. ಇವೇ ಪುನರ್ಬಳಕೆಯ ಕುರುಹು.

೩. ಭಾರತದ ಕಿರುಮಣಿಗಳು

ಐದು-ಆರನೆಯ ಶತಮಾನಗಳ ಫ್ರಾಂಕ್ ಗೋರಿಗಳಲ್ಲಿ ಕೆಲವು ಮಿಲಿಮೀಟರಿನ ಗಾಜುಮಣಿಗಳೂ ದೊರೆಯುತ್ತವೆ. ಲೇಸರ್ ಕಿರಣದಿಂದ ಕಣ್ಣಿಗೆ ಕಾಣದಷ್ಟು ಅಲ್ಪಭಾಗವನ್ನು ಆವಿಯಾಗಿಸಿ ಪರೀಕ್ಷಿಸಿದಾಗ, ಇವುಗಳಲ್ಲಿ ಒಂದು ವರ್ಗದಲ್ಲಿ ಅಲ್ಯೂಮಿನ ಅಧಿಕವಾಗಿಯೂ ಸುಣ್ಣ ಕಡಿಮೆಯಾಗಿಯೂ ಇರುವುದು ಕಂಡುಬಂದಿತು. ಮೆಡಿಟರೇನಿಯನ್ ತೀರದ ಗಾಜು ಹೀಗಿರುವುದಿಲ್ಲ. ಕಗ್ಗಲ್ಲು ಸವೆದು ಉಂಟಾದ ಮರಳು ಮತ್ತು ಚೌಳುನೆಲದ ಮೇಲೆ ಬೆಳ್ಳಗೆ ಉಬ್ಬಿಬರುವ ಕ್ಷಾರ, ಇವೆರಡರ ಗಾಜು ಇಂತಹುದು. ಇದು ಭಾರತ, ಸಿಂಹಳಗಳ ಪಾಕ. ಈ ಸಂಶೋಧನೆಯನ್ನು ೨೦೧೬ರಲ್ಲಿ ಪಿಯಾನ್ ಮತ್ತು ಗ್ರಾತ್ಯೂಸ್ ಪ್ರಕಟಿಸಿದರು. ಹರಳು ಹೇಳಿದ ಮಾತನ್ನೇ ಗಾಜು ಬೇರೆ ದಾರಿಯಿಂದ ಹೇಳಿದಂತಾಯಿತು.

೪. ವಿಶ್ಲೇಷಣೆಯ ಮಿತಿ

ವಿದ್ಯಾರ್ಥಿಗಳು ಇಲ್ಲಿ ಮೂರು ಎಚ್ಚರಿಕೆಗಳನ್ನು ಮನಸ್ಸಿನಲ್ಲಿಡಬೇಕು. ಮೊದಲನೆಯದಾಗಿ, ನೆಲದಲ್ಲಿ ಹೂತ ಗಾಜಿನ ಮೇಲ್ಪದರದಿಂದ ಸೋಡ ಸೋರಿಹೋಗಿರುತ್ತದೆ. ಮೇಲ್ಮೈಯನ್ನು ಮಾತ್ರ ಪರೀಕ್ಷಿಸಿದರೆ ಸುಳ್ಳು ಪಾಕ ಕೈಗೆ ಬರುತ್ತದೆ. ಎರಡನೆಯದಾಗಿ, ಸಂಯೋಜನೆಯು ಕಚ್ಚಾದ್ರವ್ಯದ ತವರನ್ನು ಹೇಳುತ್ತದೆಯೇ ಹೊರತು ಆಭರಣ ತಯಾರಾದ ಸ್ಥಳವನ್ನಲ್ಲ. ಭಾರತದ ಹರಳು ಸಟನ್ ಹೂವಿನ ಒಡವೆಯಲ್ಲಿದ್ದರೂ ಆ ಒಡವೆ ಭಾರತದ್ದಾಗದು. ಮೂರನೆಯದಾಗಿ, ಹೋಲಿಕೆಗೆ ತವರಿನ ಮಾದರಿ ಬೇಕು. ತೆಲಂಗಾಣದ ಗರೀಬ್‌ಪೇಟೆಯ ಗಾರ್ನೆಟ್ಟಿಗೂ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ದೊರೆತ ಗಾರ್ನೆಟ್ಟಿಗೂ ಇರುವ ಸಂಬಂಧ ೨೦೧೭ರಲ್ಲಿ ಪ್ರಕಟವಾದುದು ಗಣಿಯ ಹರಳುಗಳನ್ನೇ ಪರೀಕ್ಷಿಸಿದ ಫಲ.

ಈ ಮೂರಕ್ಕೂ ಆಧಾರವಾದುದು ಶಿಸ್ತಿನ ಅಗೆತ. ಯಾವ ಗೋರಿಯಲ್ಲಿ, ಯಾವ ಪದರದಲ್ಲಿ ದೊರೆಯಿತೆಂಬುದು ತಿಳಿಯದ ಮಣಿಯ ಪಾಕವನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಅದು ಅರೆಸಾಕ್ಷಿಯೇ. ಮಣ್ಣನ್ನು ಜರಡಿಯಾಡದಿದ್ದರೆ ಕಿರುಮಣಿ ಕೈಗೇ ಸಿಗದು. ಆದುದರಿಂದ ರಸಾಯನಜ್ಞನೂ ಅಗೆತಗಾರನೂ ಇತಿಹಾಸಕಾರನೂ ಕೂಡಿ ಕೆಲಸ ಮಾಡುವುದು ಈ ಶಾಸ್ತ್ರಕ್ಕೆ ಅವಶ್ಯಕ. ಯೂರೋಪಿನ ಒಂದು ಗೋರಿಯ ಪ್ರಶ್ನೆಗೆ ದಖ್ಖನಿನ ಗಣಿಯ ಹರಳು ಉತ್ತರ ಕೊಡಬಹುದಾದ್ದರಿಂದ, ನಮ್ಮ ನೆಲದ ಹರಳು, ಮರಳು, ಚೌಳುಮಣ್ಣುಗಳ ಮಾದರಿಗಳನ್ನು ಕ್ರಮವಾಗಿ ಸಂಗ್ರಹಿಸಿ ಪರೀಕ್ಷಿಸುವುದು ಅನ್ಯದೇಶಗಳ ಇತಿಹಾಸಕ್ಕೂ ಸಲ್ಲುವ ಸೇವೆಯೆಂಬುದನ್ನು ವಿದ್ಯಾರ್ಥಿಗಳು ಮನಗಾಣಲೆಂದು ಆಶಿಸುತ್ತೇವೆ.