ಹಿತ್ತಲಿನ ಹಂದಿ ಸಾಕಣೆ ಮತ್ತು ಪರಿಸರ



ಕೊಡಗಿನಲ್ಲಿ ಮನೆಯ ಹಿಂದೆ ಒಂದೆರಡು ಹಂದಿಗಳನ್ನು ಸಾಕುವುದು ಹೊಸ ಸಂಗತಿಯೇನಲ್ಲ. ಅಡುಗೆಮನೆಯ ಮುಸುರೆ, ಗದ್ದೆಯ ಭತ್ತದ ತೌಡು, ತೋಟದ ಹಲಸು ಹಂದಿಗೆ. ಹಂದಿಯ ಗೊಬ್ಬರ ಮತ್ತೆ ಅದೇ ಗದ್ದೆ ತೋಟಗಳಿಗೆ. ಮಣ್ಣಿನಿಂದ ಬಂದುದು ಮಣ್ಣಿಗೇ ಮರಳುತ್ತಿತ್ತು.

ಅದೇ ಹಿತ್ತಲಿನಲ್ಲಿ ಹಂದಿಗಳ ಸಂಖ್ಯೆ ಐವತ್ತಕ್ಕೆ ಏರಿದರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡೋಣ. 60 ಕಿಲೋ ತೂಕದ ಹಂದಿಯೊಂದು ದಿನಕ್ಕೆ ಸುಮಾರು 4 ಕಿಲೋ ಮಲಮೂತ್ರ ವಿಸರ್ಜಿಸುತ್ತದೆ. ಐವತ್ತಕ್ಕೆ 200 ಕಿಲೋ. ನೆಲ ತೊಳೆಯಲು ಹಂದಿಗೆ 20 ಲೀಟರಿನಂತೆ ನೀರು ಸುರಿದರೆ ದಿನಕ್ಕೆ ಸಾವಿರ ಲೀಟರಿಗೂ ಹೆಚ್ಚು ಬಗ್ಗಡ ಹೊರಬೀಳುತ್ತದೆ. ನೂರಕ್ಕೂ ಹೆಚ್ಚು ಜನರ ಹೊಲಸಿಗೆ ಇದು ಸಮ. ಆದರೂ ಇದನ್ನು ಕಾರ್ಖಾನೆಯೆಂದು ಯಾರೂ ಎಣಿಸುವುದಿಲ್ಲ. ನೋಡುವವರ ಕಣ್ಣಿಗೆ ಅದು ಹಿತ್ತಲಿನ ದೊಡ್ಡಿ ಮಾತ್ರ.

ಕೊಡಗು ಇಳಿಜಾರಿನ ನಾಡು, ಮಳೆಯ ನಾಡು. ದೊಡ್ಡಿಯಿಂದ ಹೊರಟ ಬಗ್ಗಡ ಮುಂಗಾರಿನಲ್ಲಿ ತೋಡಿಗೆ ಇಳಿಯಲು ಹೆಚ್ಚು ಹೊತ್ತು ಬೇಡ. ತೋಡುಗಳೆಲ್ಲ ಸೇರುವುದು ಹೊಳೆಗೆ, ಬಹುಪಾಲು ಹೊಳೆಗಳು ಕಾವೇರಿಗೆ. ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಮೀನು ಏಡಿಗಳು ಬದುಕುವುದು ಅದರಿಂದಲೇ. ನೀರು ಬೆರೆಸದ ಒಂದು ಲೀಟರ್ ಬಗ್ಗಡವನ್ನು ಕೊಳೆಯಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕವೋ, ಸುಮಾರು 20,000 ಮಿಲಿಗ್ರಾಂ! ಎರಡು ಸಾವಿರ ಲೀಟರ್ ತೋಡಿನ ನೀರಿನಲ್ಲಿರುವ ಆಮ್ಲಜನಕವೂ ಅದಕ್ಕೆ ಸಾಲದು.

ನೆಲಕ್ಕೆ ಇಂಗಿದ್ದರ ಕಥೆ ಬೇರೆ. ಬಗ್ಗಡದಲ್ಲಿರುವ ಅಮೋನಿಯಾವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಗಿಡಗಳು ಹೀರಿ ಉಳಿದದ್ದು ಬಾವಿಗೆ ಜಿನುಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಮೀರಿದ ನೀರು ಹಸುಳೆಗಳ ರಕ್ತ ಆಮ್ಲಜನಕ ಒಯ್ಯುವುದನ್ನು ತಡೆಯಬಲ್ಲದು. ಕುದಿಸಿದರೆ ಸರಿಹೋದೀತೆಂದು ಭಾವಿಸಬೇಡಿ. ನೀರು ಆವಿಯಾದಷ್ಟೂ ನೈಟ್ರೇಟ್ ಸಾಂದ್ರವಾಗುತ್ತದೆ.

ಇನ್ನು ಸೊಳ್ಳೆಗಳು. ಜಪಾನೀಸ್ ಮಿದುಳುಜ್ವರದ ವೈರಸ್ ಹಂದಿಯ ರಕ್ತದಲ್ಲಿ ಹೇರಳವಾಗಿ ವೃದ್ಧಿಯಾಗುತ್ತದೆ. ಹಂದಿಯನ್ನು ಕಚ್ಚಿದ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮನುಷ್ಯನಿಗೆ ದಾಟಿಸುತ್ತದೆ. ಗದ್ದೆಯ ಪಕ್ಕದಲ್ಲೇ ದೊಡ್ಡಿ, ದೊಡ್ಡಿಯ ಪಕ್ಕದಲ್ಲೇ ಮನೆ ಎಂಬಲ್ಲಿ ಎಚ್ಚರ ಅಗತ್ಯ.

ಇದಕ್ಕೆಲ್ಲ ಹಂದಿಯನ್ನು ದೂರುವುದು ನ್ಯಾಯವಲ್ಲ. ಬೆವರಿ ಮೈ ತಣಿಸಿಕೊಳ್ಳಲಾರದ ಪ್ರಾಣಿಯಾದ್ದರಿಂದ ಅದು ಕೆಸರಿನಲ್ಲಿ ಹೊರಳುತ್ತದೆ. ಸಾಕಷ್ಟು ಜಾಗ ಕೊಟ್ಟು ನೋಡಿ, ಮಲಗುವ ಕಡೆ ಬಿಟ್ಟು ಬೇರೆ ಮೂಲೆಯಲ್ಲೇ ಮಲವಿಸರ್ಜಿಸುತ್ತದೆ.

ಹಾಗಾದರೆ ಪರಿಹಾರವೇನು? ಜೈವಿಕ ಅನಿಲ ಸ್ಥಾವರ ಎಂದು ನೀವು ಥಟ್ಟನೆ ಹೇಳಬಹುದು. ಒಳ್ಳೆಯ ಉತ್ತರವೇ. ಗಾಳಿಯಾಡದ ಗುಂಡಿಯಲ್ಲಿ ಬಗ್ಗಡ ಕೊಳೆತಾಗ ಹುಟ್ಟುವ ಮೀಥೇನ್, ವಾತಾವರಣಕ್ಕೆ ಸೇರಿದರೆ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿದಿಡುತ್ತದೆ. ಅದನ್ನು ಒಲೆಯಲ್ಲಿ ಉರಿಸಿದರೆ ಸೌದೆಯೂ ಉಳಿಯುತ್ತದೆ. ಆದರೆ ಸ್ಥಾವರದಲ್ಲಿ ಸಾರಜನಕ ಮಾಯವಾಗುವುದಿಲ್ಲ. ಹೊರಬರುವ ಬಗ್ಗಡದಲ್ಲಿ ಅದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಐವತ್ತು ಹಂದಿಗಳಿಂದ ವರ್ಷಕ್ಕೆ ಸುಮಾರು 400 ಕಿಲೋ ಸಾರಜನಕ. ಕಾಫಿ ತೋಟಕ್ಕೆ ಎಕರೆಗೆ ಬೇಕಾಗುವುದು ಸುಮಾರು 40ರಿಂದ 60 ಕಿಲೋ. ಅಂದರೆ ಏಳೆಂಟು ಎಕರೆಗೂ ಮಿಕ್ಕಿ ತೋಟ ಬೇಕು. ಎರಡೆಕರೆಯವರು ಎಲ್ಲಿಗೆ ಹೋಗಬೇಕು?

ಚಕ್ರ ಮುರಿದದ್ದು ಇಲ್ಲಿಯೇ. ಪಟ್ಟಣದ ಹೋಟೆಲುಗಳ ಮುಸುರೆಯೂ ಬಯಲುಸೀಮೆಯ ಜೋಳವೂ ಲಾರಿಯೇರಿ ಬರುತ್ತವೆ. ಹಂದಿ ಮಾಂಸವಾಗಿ ಹೊರಹೋಗುತ್ತದೆ. ಉಳಿದದ್ದೆಲ್ಲ ಒಂದೇ ಹಿತ್ತಲಿನಲ್ಲಿ ಸಂಗ್ರಹವಾಗುತ್ತದೆ. ಇಂಥವರು ತೊಳೆಯುವ ಮೊದಲು ಗಟ್ಟಿ ಗೊಬ್ಬರವನ್ನು ಗುಡಿಸಿ, ಮರದ ಹೊಟ್ಟು ಅಥವಾ ಒಣ ಎಲೆಯೊಡನೆ ಮಾಗಿಸಿ, ಗೊಬ್ಬರವಿಲ್ಲದ ನೆರೆಹೊರೆಯ ತೋಟಗಳಿಗೆ ಮಾರಬಹುದು. ನೀರೂ ಉಳಿಯುತ್ತದೆ. ಗುಂಡಿಗೆ ಮಾಡು ಬೇಕು, ಮಳೆಗಾಲಕ್ಕೆ ಮೊದಲೇ ಅದು ಖಾಲಿಯಾಗಿರಬೇಕು. ಮುಚ್ಚಿದ ಬಗ್ಗಡದ ಗುಂಡಿಗೆ ಮಾತ್ರ ಯಾರೂ ಇಳಿಯಕೂಡದು. ಅಲ್ಲಿ ಸೇರಿಕೊಂಡಿರುವ ಹೈಡ್ರೋಜನ್ ಸಲ್ಫೈಡ್ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಎತ್ತಲು ಹೋದವರೂ ಬೀಳುತ್ತಾರೆ.