ಬೆಳೆಯುವ ಸಾಲ, ನಡುಗುವ ಠೇವಣಿ

ಕಾಂದಿವಲಿ ಸ್ಟೇಷನ್ನಿನಿಂದ ಮನೆ ಸೇರುವಷ್ಟರಲ್ಲಿ ‘ಐದೇ ನಿಮಿಷದಲ್ಲಿ ಸಾಲ’ ಎಂಬ ಫೋನ್ ಬಂದಿರುತ್ತದೆ. ಸುತ್ತ ಹಳೆಯ ಚಾಳುಗಳು ಹೋಗಿ ಟವರ್‌ಗಳು ಏಳುತ್ತಿವೆ. ಸಾಲ ಸಲೀಸಾದರೆ ಮನೆ ಬೆಲೆ ಏರುತ್ತದೆ. ಬೆಲೆ ಏರಿದರೆ ಅದರ ಅಡಮಾನಕ್ಕೆ ಇನ್ನಷ್ಟು ಸಾಲ. ಫ್ಲ್ಯಾಟ್ ಮಾರಾಟ ನಿಂತ ದಿನ ಚಕ್ರ ಹಿಂದಕ್ಕೆ ತಿರುಗುತ್ತದೆ.

1870ರಿಂದ 2008ರವರೆಗೆ 14 ದೇಶಗಳ ಲೆಕ್ಕ ತೆಗೆದ ಅರ್ಥಶಾಸ್ತ್ರಜ್ಞರಾದ ಶುಲಾರಿಕ್ ಮತ್ತು ಟೇಲರ್ ಹೇಳಿದ್ದೂ ಅದನ್ನೇ: ಬಿಕ್ಕಟ್ಟಿಗೆ ಮುನ್ನ ಸಾಲ ಓಡಿರುತ್ತದೆ.

ಮುಂಬಯಿಗೆ ಇದರ ಬಿಸಿ ತಟ್ಟಿದ್ದು 2019ರ ಸೆಪ್ಟೆಂಬರ್‌ನಲ್ಲಿ. 11,000 ಕೋಟಿಗೂ ಹೆಚ್ಚು ಠೇವಣಿಯಿದ್ದ ಪಿಎಂಸಿ ಸಹಕಾರಿ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ಕಡಿವಾಣ ಹಾಕಿತು. ಮೊದಲಿಗೆ ಖಾತೆಯಿಂದ ತೆಗೆಯಲು ಬಿಟ್ಟದ್ದು 1,000 ರೂಪಾಯಿ! ಸಾಲದ ಶೇ 70ಕ್ಕೂ ಹೆಚ್ಚು ಪಾಲು ಎಚ್‌ಡಿಐಎಲ್ ಎಂಬ ಒಂದೇ ಬಿಲ್ಡರ್ ಸಮೂಹಕ್ಕೆ ಹೋಗಿತ್ತು. ಅದನ್ನು ಮರೆಮಾಚಲು 21,000 ನಕಲಿ ಖಾತೆಗಳಿದ್ದವು ಎಂಬುದು ಪೊಲೀಸ್ ದೂರು. ನಾಲ್ಕೇ ತಿಂಗಳಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರೂ ಬೀದಿಗೆ ಬಂದರು. ಅಲ್ಲಿ ಮಿತಿ 35,000 ರೂಪಾಯಿ.

ವೇಗದ ಬೆಳವಣಿಗೆಯೇ ಮೊದಲ ಮುಸುಕು. ಹೊಸ ಸಾಲ ಕೊಡುತ್ತಲೇ ಇದ್ದರೆ ಒಟ್ಟು ಮೊತ್ತ ಹಿಗ್ಗಿ, ವಸೂಲಾಗದ ಸಾಲದ ಶೇಕಡಾವಾರು ಕುಗ್ಗಿದಂತೆ ಕಾಣುತ್ತದೆ. ಹಳೆಯ ಬಡ್ಡಿಯನ್ನು ಹೊಸ ಸಾಲದಿಂದಲೇ ಕಟ್ಟಿಸಿದರೆ ಲೆಕ್ಕಪುಸ್ತಕ ಇನ್ನೂ ಚೊಕ್ಕ.

2020ರ ಫೆಬ್ರುವರಿಯಿಂದ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿದೆ. ಆದರೆ ಅದು ಒಂದು ಬ್ಯಾಂಕಿನ ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಎರಡೂ ಕೂಡಿ. ಊರಿನ ಅಪ್ಪ-ಅಮ್ಮನ ನಿವೃತ್ತಿ ಹಣ ಒಂದೇ ಕಡೆ ಇದ್ದರೆ, ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿಯ ಆಸೆ ಬಿಟ್ಟು, ಇವತ್ತೇ ಎರಡು ಮೂರು ಬ್ಯಾಂಕಿಗೆ ಹಂಚಿಬಿಡಿ.