ಹೋಮ್‌ಸ್ಟೆಡ್ ತೆರಿಗೆ ವಿನಾಯಿತಿ (ಟೆಕ್ಸಾಸ್)

ಹೋಮ್‌ಸ್ಟೆಡ್ ತೆರಿಗೆ ವಿನಾಯಿತಿಯು ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯದಲ್ಲಿ ಮಾಲೀಕರು ತಾವೇ ವಾಸಿಸುವ ಮನೆಯ ಆಸ್ತಿ ತೆರಿಗೆಯನ್ನು ತಗ್ಗಿಸುವ ಕಾನೂನುಬದ್ಧ ಸೌಲಭ್ಯವಾಗಿದೆ. ರಾಜ್ಯ ಸಂವಿಧಾನದ 8ನೆಯ ವಿಧಿ ಮತ್ತು ತೆರಿಗೆ ಸಂಹಿತೆಯ 11.13ನೆಯ ಕಲಮು ಇದಕ್ಕೆ ಆಧಾರ. ಮನೆ ಕೊಂಡ ಮಾತ್ರಕ್ಕೆ ಈ ವಿನಾಯಿತಿ ತಾನಾಗಿ ದೊರೆಯುವುದಿಲ್ಲ. ಅದು ತಮ್ಮ ಮುಖ್ಯ ವಾಸಸ್ಥಾನವೆಂದು ಮಾಲೀಕರೇ ಅರ್ಜಿ ಸಲ್ಲಿಸಿ ರುಜುವಾತುಪಡಿಸಬೇಕು.

ಹಿನ್ನೆಲೆ

ಟೆಕ್ಸಾಸ್‌ನಲ್ಲಿ ವ್ಯಕ್ತಿಗಳ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಆದ್ದರಿಂದ ಶಾಲೆಗಳ ಮತ್ತು ಸ್ಥಳೀಯ ಸಂಸ್ಥೆಗಳ ಖರ್ಚಿನ ದೊಡ್ಡ ಭಾರ ಮನೆಮಾಲೀಕರ ಮೇಲೆ ಬೀಳುತ್ತದೆ. ಶಾಲಾ ಜಿಲ್ಲೆಯ ತೆರಿಗೆಯಲ್ಲಿ ಮನೆಯ ಮೌಲ್ಯದಿಂದ ಕಳೆಯಲಾಗುವ ಮೊತ್ತವು 2015ರಲ್ಲಿ 25,000 ಡಾಲರ್, 2022ರಲ್ಲಿ 40,000 ಡಾಲರ್, 2023ರಲ್ಲಿ 1,00,000 ಡಾಲರ್ ಆಯಿತು. 2025ರ ನವೆಂಬರ್‌ನಲ್ಲಿ ಮತದಾರರ ಒಪ್ಪಿಗೆಯೊಂದಿಗೆ ಅದನ್ನು 1,40,000 ಡಾಲರ್‌ಗೆ ಏರಿಸಲಾಯಿತು. ಉದಾಹರಣೆಗೆ, 3,00,000 ಡಾಲರ್ ಬೆಲೆಯ ಮನೆಗೆ ಶಾಲಾ ತೆರಿಗೆಯನ್ನು 1,60,000 ಡಾಲರ್ ಮೇಲೆ ಮಾತ್ರ ಲೆಕ್ಕ ಹಾಕಲಾಗುತ್ತದೆ. ಇದಲ್ಲದೆ, ವಿನಾಯಿತಿ ಪಡೆದ ಮನೆಯ ತೆರಿಗೆಗೊಳಪಡುವ ಮೌಲ್ಯವು ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರುವಂತಿಲ್ಲ. ಬೆಲೆಗಳು ವೇಗವಾಗಿ ಏರುವ ನಗರಗಳಲ್ಲಿ ಹಳೆಯ ನಿವಾಸಿಗಳಿಗೆ ಈ ಮಿತಿಯೇ ವಿನಾಯಿತಿಗಿಂತ ಹೆಚ್ಚು ಉಪಕಾರಿಯಾಗುವುದುಂಟು. 65 ವರ್ಷ ಮೀರಿದವರಿಗೆ ಮತ್ತು ಅಂಗವಿಕಲರಿಗೆ ಹೆಚ್ಚುವರಿ ವಿನಾಯಿತಿಯಿದೆ.

ಅರ್ಹತೆ

ಮನೆಯು ವ್ಯಕ್ತಿಯ ಒಡೆತನದಲ್ಲಿರಬೇಕು. ಕಂಪನಿಯ ಹೆಸರಿನಲ್ಲಿರುವ ಮನೆಗೆ ಈ ಸೌಲಭ್ಯವಿಲ್ಲ. ಕೆಲವು ಬಗೆಯ ಟ್ರಸ್ಟ್‌ಗಳಿಗೆ ಅವಕಾಶವಿದೆ. ಮನೆಗೆ ಸೇರಿದ, ವಾಸಕ್ಕಾಗಿ ಬಳಸುವ 20 ಎಕರೆಯವರೆಗಿನ ಭೂಮಿಯೂ ಇದರೊಳಗೆ ಬರುತ್ತದೆ. ಟೆಕ್ಸಾಸ್‌ನಲ್ಲಾಗಲಿ ಹೊರಗಾಗಲಿ ಅರ್ಜಿದಾರರು ಬೇರೆ ಮನೆಗೆ ಇಂಥದೇ ವಿನಾಯಿತಿ ಪಡೆದಿರಬಾರದು. ತಾತ್ಕಾಲಿಕವಾಗಿ ಬೇರೆಡೆ ಹೋದವರು ಮರಳುವ ಉದ್ದೇಶವಿಟ್ಟುಕೊಂಡು, ಬೇರೆ ಮುಖ್ಯ ವಾಸಸ್ಥಾನ ಮಾಡಿಕೊಳ್ಳದಿದ್ದರೆ, 2 ವರ್ಷಗಳೊಳಗಿನ ಗೈರುಹಾಜರಿಯಿಂದ ಹಕ್ಕು ಕಳೆದುಹೋಗುವುದಿಲ್ಲ. ವೃದ್ಧಾಪ್ಯ ಅಥವಾ ಅನಾರೋಗ್ಯದಿಂದ ಆರೈಕೆ ಕೇಂದ್ರ ಸೇರಿದವರಿಗೆ ಈ ಅವಧಿಯ ಮಿತಿ ಅನ್ವಯಿಸದು.

ಅರ್ಜಿ ಮತ್ತು ಪುರಾವೆ

ಅರ್ಜಿಯನ್ನು 50-114 ಸಂಖ್ಯೆಯ ನಮೂನೆಯಲ್ಲಿ ತುಂಬಿ ಕೌಂಟಿಯ ಮೌಲ್ಯಮಾಪನ ಕಚೇರಿಗೆ ಕೊಡಬೇಕು. ತೆರಿಗೆ ಕಟ್ಟಿಸಿಕೊಳ್ಳುವ ಕಚೇರಿಗಲ್ಲ. ಈ ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಸಲ್ಲಿಕೆಗೆ ಶುಲ್ಕವಿಲ್ಲ. ಮೇ 1ಕ್ಕಿಂತ ಮೊದಲು ಸಲ್ಲಿಸುವುದು ನಿಯಮ. ತಡವಾದರೂ, ತೆರಿಗೆ ಬಾಕಿಯಾಗುವ ದಿನದಿಂದ 2 ವರ್ಷಗಳವರೆಗೆ ಸ್ವೀಕರಿಸಲಾಗುತ್ತದೆ.

ಮುಖ್ಯ ಪುರಾವೆಯೆಂದರೆ ಟೆಕ್ಸಾಸ್‌ನ ಚಾಲನಾ ಪರವಾನಗಿ ಅಥವಾ ರಾಜ್ಯದ ಗುರುತಿನ ಚೀಟಿ. ಅದರಲ್ಲಿರುವ ವಿಳಾಸವು ಮನೆಯ ವಿಳಾಸದೊಂದಿಗೆ ಹೊಂದಬೇಕು. ಹೊಸ ಮನೆಗೆ ಬಂದವರು ಪರವಾನಗಿಯಲ್ಲಿ ಹಳೆಯ ವಿಳಾಸವನ್ನೇ ಉಳಿಸಿಕೊಂಡಿದ್ದರೆ ಅರ್ಜಿ ಇಲ್ಲಿಯೇ ಎಡವುತ್ತದೆ. ಆದ್ದರಿಂದ ಮೊದಲು ಅದನ್ನು ಬದಲಿಸಿಕೊಳ್ಳುವುದು ಲೇಸು. ಸೇನೆಯಲ್ಲಿರುವವರಿಗೂ ವಿಳಾಸ ಗೋಪ್ಯವಾಗಿಡಬೇಕಾದ ಸಂತ್ರಸ್ತರಿಗೂ ಇದರಿಂದ ರಿಯಾಯಿತಿಯುಂಟು. ಅರ್ಜಿಯಲ್ಲಿ ಸುಳ್ಳು ಹೇಳಿಕೆ ಕೊಡುವುದು ಅಪರಾಧ.

ವಾರಸು ಮನೆಗಳು

ಅತಿ ಕಠಿಣ ಸಮಸ್ಯೆ ಇದ್ದುದು ಇಲ್ಲಿ. ಉಯಿಲಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ಬಂದ ಮನೆಗಳು ಆಫ್ರಿಕನ್ ಅಮೆರಿಕನ್ ಹಾಗೂ ಮೆಕ್ಸಿಕನ್ ಮೂಲದ ಅನೇಕ ಕುಟುಂಬಗಳಲ್ಲಿವೆ. ಕ್ರಯಪತ್ರ ಅಜ್ಜಿಯ ಹೆಸರಿನಲ್ಲಿ, ವಾಸ ಮೊಮ್ಮಗಳದು. ಕರ್ನಾಟಕದಲ್ಲಿ ಪೌತಿ ಖಾತೆಯಾಗದೆ ತೀರಿಹೋದವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ಬಲ್ಲ ಓದುಗರಿಗೆ ಈ ತೊಡಕನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾಖಲೆಯಲ್ಲಿ ಹೆಸರಿಲ್ಲದ ಕಾರಣ ಇಂಥವರು ವಿನಾಯಿತಿಯಿಲ್ಲದೆ ಪೂರ್ಣ ತೆರಿಗೆ ತೆರುತ್ತಿದ್ದರು, ಇಲ್ಲವೇ ತಮ್ಮ ಪಾಲಿಗಷ್ಟೇ ವಿನಾಯಿತಿ ಪಡೆಯುತ್ತಿದ್ದರು. ಬಾಕಿ ಬೆಳೆದರೆ ಮನೆಯೇ ಹರಾಜಿಗೆ ಬರುವ ಅಪಾಯವಿತ್ತು.

2019ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯು ಇದನ್ನು ಸರಿಪಡಿಸಿತು. ಉಯಿಲು, ಮರಣಾನಂತರ ವರ್ಗವಾಗುವ ಪತ್ರ ಅಥವಾ ಉತ್ತರಾಧಿಕಾರದ ಮೂಲಕ ಮನೆ ಪಡೆದು ಅಲ್ಲಿ ವಾಸಿಸುವ ವಾರಸುದಾರರು ಈಗ ಪೂರ್ಣ ವಿನಾಯಿತಿಗೆ ಅರ್ಹರು. ಅವರು ಒಡೆತನ ತಿಳಿಸುವ ಪ್ರಮಾಣಪತ್ರ, ಹಿಂದಿನ ಮಾಲೀಕರ ಮರಣ ಪ್ರಮಾಣಪತ್ರ, ನೀರು ಅಥವಾ ವಿದ್ಯುತ್ತಿನಂಥ ಸೇವೆಯ ಇತ್ತೀಚಿನ ಬಿಲ್ಲು ಮತ್ತು ನ್ಯಾಯಾಲಯದ ದಾಖಲೆಯಿದ್ದರೆ ಅದನ್ನು ಒದಗಿಸಬೇಕು. ಅದೇ ಮನೆಯಲ್ಲಿರುವ ಇತರ ವಾರಸುದಾರರು ಲಿಖಿತ ಸಮ್ಮತಿ ಕೊಡಬೇಕು. ಪ್ರಮಾಣಪತ್ರ ಮಾಡಿದೊಡನೆ ಕ್ರಯಪತ್ರದಲ್ಲಿ ಹೆಸರು ಬದಲಾಗುವುದಿಲ್ಲವೆಂಬುದು ಗಮನಾರ್ಹ. ಒಡೆತನದ ವಿವಾದ ಬೇರೆಯಾಗಿಯೇ ಇತ್ಯರ್ಥವಾಗಬೇಕು.

ನಿರಾಕರಣೆ ಮತ್ತು ಮರುಪರಿಶೀಲನೆ

ಅರ್ಜಿ ತಿರಸ್ಕೃತವಾದರೆ ನೋಟಿಸು ಬಂದ ಬಳಿಕ 30 ದಿನಗಳೊಳಗೆ ಮೌಲ್ಯಮಾಪನ ಪರಿಶೀಲನಾ ಮಂಡಳಿಯ ಮುಂದೆ ಆಕ್ಷೇಪಿಸಬಹುದು. ಅಲ್ಲಿಯೂ ಸೋತರೆ ಜಿಲ್ಲಾ ನ್ಯಾಯಾಲಯವಿದೆ. ಒಮ್ಮೆ ದೊರೆತ ವಿನಾಯಿತಿ ಪ್ರತಿವರ್ಷ ಹೊಸ ಅರ್ಜಿಯಿಲ್ಲದೆ ಮುಂದುವರಿಯುತ್ತದೆ. ಆದರೆ 2023ರ ಕಾನೂನಿನಂತೆ ಕಚೇರಿಯು ಕನಿಷ್ಠ 5 ವರ್ಷಕ್ಕೊಮ್ಮೆ ಅರ್ಹತೆಯನ್ನು ಪರಿಶೀಲಿಸಬೇಕು. ಅನರ್ಹರಿಗೆ ವಿನಾಯಿತಿ ಸಿಕ್ಕಿದ್ದು ಪತ್ತೆಯಾದರೆ ಹಿಂದಿನ 5 ವರ್ಷಗಳವರೆಗಿನ ತೆರಿಗೆಯನ್ನು ವಸೂಲು ಮಾಡಲು ಅವಕಾಶವಿದೆ.